ಬೆಂಡಿನ ದೊಣ್ಣೆಗಳ ನಡುವೆ ಒಂದು ಬಿದಿರು

ಗೋಷ್ಠ ಪಾಖಿರಾ ಹದಿನಾರು ವರ್ಷ ಕಲ್ಕತ್ತಾದ ಟಾಲಿಗಂಜಿನ ಸಿನಿಮಾ ಸ್ಟುಡಿಯೋಗಳಲ್ಲಿ ಒದೆ ತಿಂದು ಬದುಕಿದವನು. ನಾಯಕನ ಕೈಯಲ್ಲಿ ತಿಂದ, ನಾಯಕನ ತಮ್ಮನ ಕೈಯಲ್ಲಿ ತಿಂದ, ಒಂದು ಭಕ್ತಿಚಿತ್ರದಲ್ಲಿ ಆನೆಯ ಸೊಂಡಿಲಿನಿಂದಲೂ ತಿಂದ. ಮಹಡಿ ಮೆಟ್ಟಿಲ ಮೇಲಿಂದ ಉರುಳುವುದಿರಲಿ, ಗಾಜಿನ ಕಿಟಕಿ ಒಡೆದುಕೊಂಡು ಆಚೆ ಬೀಳುವುದಿರಲಿ, ಗೋಷ್ಠನನ್ನು ಕರೆಯಿರಿ ಎನ್ನುತ್ತಿದ್ದರು. ಮೂಗಿನ ಮೂಳೆ ಎರಡು ಸಲ ಮುರಿದು ಎಡಕ್ಕೆ ವಾಲಿತ್ತು. ಗರಡಿಯ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಬಲಗಿವಿ ಗಂಟು ಕಟ್ಟಿತ್ತು. ಪರದೆಯ ಮೇಲೆ ಅವನ ಹೆಸರು ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ನಲವತ್ತನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಸಲ ಹೆಸರಿರುವ ಪಾತ್ರ ಸಿಕ್ಕಿತು. ನಿರ್ದೇಶಕ ಅನಿಮೇಷ ಲಾಹಿಡಿ ಮಕ್ಕಳ ಕಾದಂಬರಿಯೊಂದನ್ನು ಸಿನಿಮಾ ಮಾಡುತ್ತಿದ್ದರು. ಹಾಳುಬಿದ್ದ ಜಮೀನ್ದಾರಿ ಮನೆ, ಅದರಲ್ಲಿ ಕಳೆದುಹೋದ ಚಿನ್ನದ ಹುಕ್ಕಾ, ಅದನ್ನು ಹುಡುಕುವ ಅರೆಮರುಳು ಹೆಡ್‌ಮಾಸ್ತರು, ಒಂದಿಷ್ಟು ಸಾಧು ಸ್ವಭಾವದ ದೆವ್ವಗಳು, ದೆವ್ವವೆಂದರೆ ಹೆದರಿ ಸಾಯುವ ಒಬ್ಬ ಡಕಾಯಿತ. ಈ ಡಕಾಯಿತನ ಹೆಸರು ಕಾತ್ಲಾ ಸರ್ದಾರ. ಕಾತ್ಲಾ ಮೀನಿಗೆ ಇರುವಂಥ ದೊಡ್ಡ ತಲೆ, ಅದರೊಳಗೆ ಏನೂ ಇಲ್ಲ. ಗೋಷ್ಠನ ಮುಖವನ್ನು ನೋಡಿದ ಕೂಡಲೇ ಲಾಹಿಡಿ ಬಾಬು ಎದ್ದುನಿಂತು, "ಸಿಕ್ಕಿಬಿಟ್ಟ ಕಾತ್ಲಾ!" ಎಂದು ಕೂಗಿದರಂತೆ.

ಗೋಷ್ಠನಿಗೆ ಓದು ಅಷ್ಟಕ್ಕಷ್ಟೆ. ಮಗಳು ಝುಮ್ಕಿ ಆ ಪುಸ್ತಕವನ್ನು ಐದಾರು ಸಲ ಓದಿಕೊಂಡವಳು. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ತಾನೇ ಹೆಡ್‌ಮಾಸ್ತರಾಗಿ, ಅವನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಸಿದಳು. ಕಾತ್ಲಾ ಬದನೆಕಾಯಿ ಮಾರುವವನ ವೇಷದಲ್ಲಿ ಊರಿಗೆ ಬಂದು ಸಿಕ್ಕಿಬೀಳುತ್ತಾನೆ. ಊರವರೆಲ್ಲ ದೊಣ್ಣೆ, ಪೊರಕೆ, ಸೌಟು ಹಿಡಿದು ಬಡಿಯುವಾಗ ಅವನು ಅರಚಬೇಕು: "ಅಯ್ಯೋ ಬಾಬುಗಳಾ, ನಾನು ಡಕಾಯಿತ ಅಲ್ಲ, ಬದನೆಕಾಯಿ ಮಾರೋನು!"

"ಅಪ್ಪಾ, ನೀನು ಹೇಳಿದ್ರೆ ನಗು ಬರಲ್ಲ," ಎಂದಳು ಝುಮ್ಕಿ. "ನಿಜವಾಗ್ಲೂ ನೋವಾದೋರ ಥರ ಹೇಳು."

"ಹದಿನಾರು ವರ್ಷದಿಂದ ಅದನ್ನೇ ಮಾಡ್ತಿದೀನಿ ಕಣೇ," ಎಂದ ಗೋಷ್ಠ.

ಒಲೆಯ ಮುಂದೆ ಮೀನು ಹುರಿಯುತ್ತಿದ್ದ ಹೆಂಡತಿ ಶೆಫಾಲಿ ನಕ್ಕಳು. ಸಿನಿಮಾಕ್ಕೆ ಬರುವ ಮುಂಚೆ ಗಂಡ ಏನಾಗಿದ್ದ ಎನ್ನುವುದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಹೌಡಾದಲ್ಲಿ ಗರಡಿ ಮನೆಯ ಪೈಲ್ವಾನನಾಗಿದ್ದ ಎಂದಷ್ಟೇ ಅವನು ಹೇಳಿದ್ದ.

ಅದೇನೂ ಸುಳ್ಳಾಗಿರಲಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವನ ಮೈಕಟ್ಟು ನೋಡಲು ಬೀದಿಯವರು ಗರಡಿಯ ಕಿಟಕಿಗೆ ಮುತ್ತುತ್ತಿದ್ದರು. ಆ ವರ್ಷ ಗಂಗೆಯ ದಡದ ಒಂದು ಸೆಣಬಿನ ಗಿರಣಿಯಲ್ಲಿ ಮುಷ್ಕರ ನಡೆಯುತ್ತಿತ್ತು. ನಲವತ್ತು ದಿನ ಕಳೆದರೂ ನೇಯುವವರು ಗೇಟಿನ ಮುಂದಿನಿಂದ ಏಳಲಿಲ್ಲ. ಹಾರು ಘೋಷಾಲ ಎಂಬ ಕಂಟ್ರಾಕ್ಟರು ಗರಡಿಗೆ ಬಂದು ಇಪ್ಪತ್ತು ಜನರನ್ನು ಆರಿಸಿಕೊಂಡ. "ಬೆಳಿಗ್ಗೆ ಗೇಟು ತೆರೆಸಿ, ಮಧ್ಯಾಹ್ನ ಮಾಂಸದೂಟ ಮಾಡಿ," ಎಂದ. ಸಾಸಿವೆ ಎಣ್ಣೆ ಕುಡಿಸಿ ಹದಮಾಡಿದ ಬಿದಿರು ದೊಣ್ಣೆಗಳನ್ನು ಅವನೇ ತಂದಿದ್ದ.

ನೇಯುವವರು ನೆಲದ ಮೇಲೆ ಸಾಲಾಗಿ ಕೂತು ಟೀ ಕುಡಿಯುತ್ತಿದ್ದರು. ಇಪ್ಪತ್ತು ಜನ ಒಮ್ಮೆಗೇ ಮೇಲೆ ಬಿದ್ದರು. ಮಣ್ಣಿನ ಕುಡಿಕೆಗಳು ಪುಡಿಯಾದವು, ತಲೆಗಳು ಒಡೆದವು. ಮುದುಕನೊಬ್ಬ ಎರಡೂ ಕೈಯಿಂದ ನೆತ್ತಿ ಮುಚ್ಚಿಕೊಂಡ. ಅವನ ಬೆರಳುಗಳ ಮೇಲೆಯೇ ದೊಣ್ಣೆ ಬಿತ್ತು. ಗೋಷ್ಠನಿಗೆ ಅದು ಗರಡಿಯ ವರಸೆಗಿಂತ ಸುಲಭವೆನಿಸಿತು. ಎದುರು ಬರುವವರೇ ಇರಲಿಲ್ಲ. ಆಮೇಲೆ ಒಬ್ಬ ಬಂದ. ಸಣಕಲ, ಇವನಿಗಿಂತ ಒಂದು ಗೇಣು ಕುಳ್ಳ, ಕೈಯಲ್ಲಿ ಮಗ್ಗದ ಲಾಳಿ. ಕಬ್ಬಿಣದ ತುದಿಯ ಆ ಲಾಳಿಯನ್ನು ಬೀಸಿ ಗೋಷ್ಠನ ಮೂಗಿಗೆ ಹೊಡೆದ. ಬಾಯಿ ತುಂಬ ರಕ್ತ. ಇಪ್ಪತ್ತು ಜನ ಗರಡಿಯವರ ಮುಂದೆ ಒಬ್ಬ ನೇಯುವವನ ಕೈಯಲ್ಲಿ ಮೂಗು ಮುರಿಸಿಕೊಂಡ ಅವಮಾನದಲ್ಲಿ ಗೋಷ್ಠನಿಗೆ ಕಣ್ಣು ಕತ್ತಲಿಟ್ಟಿತು. ಮೊಣಕಾಲಿಗೆ ಒಂದು ಕೊಟ್ಟ. ಅವನು ಬಿದ್ದ. ಬಿದ್ದವನು ಮಗುಚಿಕೊಂಡು ಚರಂಡಿಯ ಕಡೆಗೆ ತೆವಳತೊಡಗಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಗೋಷ್ಠ ಎರಡೂ ಕೈಯಲ್ಲಿ ದೊಣ್ಣೆ ಎತ್ತಿ ಅವನ ಸೊಂಟದ ಮೇಲೆ ಇಳಿಸಿದ. ಇನ್ನೊಂದು ಸಲ ಇಳಿಸಿದ. ಎರಡನೆಯದಕ್ಕೆ ಹಸಿ ಕೊಂಬೆ ಮುರಿದಂಥ ಸದ್ದು ಬಂತು. ಆ ಮನುಷ್ಯ ಕಿರುಚಲಿಲ್ಲ. ಕತ್ತು ಹೊರಳಿಸಿ ತನ್ನ ಕಾಲುಗಳನ್ನೇ ನೋಡಿದ, ಅವು ಬೇರೆ ಯಾರವೋ ಎಂಬಂತೆ. ಹಿಂದಿನಿಂದ ಯಾವನೋ ಎಳೆಯ ದನಿಯಲ್ಲಿ "ಸುಬಲ್‌ದಾ! ಸುಬಲ್‌ದಾ! ಅಣ್ಣಾ!" ಎಂದು ಅರಚುತ್ತಿದ್ದ.

ಮಧ್ಯಾಹ್ನ ಮಾಂಸದೂಟ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಗೋಷ್ಠ ಎರಡು ಸಲ ಬಡಿಸಿಕೊಂಡ.

ವಾರದಲ್ಲಿ ಪೊಲೀಸರು ಗರಡಿಗೆ ಬಂದು ಹೆಸರು ಕೇಳತೊಡಗಿದರು. ಅವನು ಗಂಗೆ ದಾಟಿ ಟಾಲಿಗಂಜಿಗೆ ಬಂದ. ಅಲ್ಲಿ ಜಮಾಲ್ ಸಾಹೇಬ ಎಂಬ ಮಟಿಯಾಬುರ್ಜಿನ ಫೈಟ್ ಮಾಸ್ಟರು ಅವನನ್ನು ಇಟ್ಟುಕೊಂಡರು. ಹೊಡೆಯುವವನಿಗೆ ಒದೆ ತಿನ್ನುವುದನ್ನು ಕಲಿಸಲು ಅವರಿಗೆ ಒಂದು ವರ್ಷ ಹಿಡಿಯಿತು.

ಕಾತ್ಲಾ ಸರ್ದಾರ ಒದೆ ತಿನ್ನುವ ದೃಶ್ಯವನ್ನು ಪೌಷ ಮಾಸದ ಚಳಿಯಲ್ಲಿ, ಮೇದಿನೀಪುರದ ಕಡೆ ಕಂಸಾವತಿ ನದಿಯ ಹತ್ತಿರದ ಒಂದು ಊರಿನಲ್ಲಿ ತೆಗೆದರು. ಹಾಳುಮನೆಯ ಅಂಗಳದಲ್ಲಿ ಊರಿನವರನ್ನೇ ನಲವತ್ತು ಜನ ನಿಲ್ಲಿಸಿದ್ದರು. ಜಮಾಲ್ ಸಾಹೇಬರು ಬೆಂಡಿನ ದೊಣ್ಣೆಗಳನ್ನು ಹಂಚಿದರು. ಮದುವೆ ಬಾಸಿಂಗ ಮಾಡುವ ಅದೇ ಹಗುರ ಬೆಂಡು. ಮೇಲೆ ಬಿದಿರಿನ ಗಿಣ್ಣು ಬರೆದು ಬಣ್ಣ ಹಚ್ಚಿದ್ದರು.

"ಹೊಡೆದ ಹಾಗೆ ಕಾಣ್ಬೇಕು, ಹೊಡೀಬಾರ್ದು," ಎಂದು ಸಾಹೇಬರು ತೋರಿಸಿದರು. "ಮೈಗೆ ತಾಗ್ತಿದ್ದ ಹಾಗೇ ಕೈ ಸಡಿಲ ಬಿಡಿ. ಗೊತ್ತಾಯ್ತಾ?"

"ಇದೇನ್ ಬಾಬು, ಡಕಾಯಿತ ಅಂತೀರಿ, ಬೆಂಡಲ್ಲಿ ಹೊಡೀರಿ ಅಂತೀರಿ," ಎಂದ ಊರಿನ ಕುಂಬಾರ. "ನಮ್ಮೂರಲ್ಲಿ ಕೋಳಿ ಕದ್ದೋನಿಗೂ ಇದಕ್ಕಿಂತ ಮರ್ಯಾದೆ ಮಾಡ್ತೀವಿ."

ಎಲ್ಲರೂ ನಕ್ಕರು. ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತು ನಿಂತಿದ್ದ ಗೋಷ್ಠನೂ ನಕ್ಕ. ಲಾಹಿಡಿ ಬಾಬು ತಗಡಿನ ಕೊಳವೆ ಬಾಯಿಗಿಟ್ಟುಕೊಂಡು, "ಗೋಷ್ಠ ಪಾಖಿರಾ, ತಯಾರಾ? ಹೌಡಾದ ಪೈಲ್ವಾನ, ತಯಾರಾ?" ಎಂದು ಕೂಗಿದರು.

ಮೊದಲ ಏಟುಗಳು ಮೈ ಸವರಿದ ಹಾಗೆ ಬಿದ್ದವು. ಹೆಂಗಸೊಬ್ಬಳು ಸೌಟಿನಿಂದ ಬೆನ್ನಿಗೆ ಕುಟ್ಟಿದಳು. ಗೋಷ್ಠ ಬುಟ್ಟಿ ಚೆಲ್ಲಿ, ಬದನೆಕಾಯಿಯ ಮೇಲೆ ಕಾಲಿಟ್ಟು ಜಾರಿ, ಅಂಗಾತ ಬಿದ್ದು, ಮಗುಚಿ ಎದ್ದ. ಆಗ ಎಡ ಹೆಗಲ ಮೂಳೆಯ ಮೇಲೆ ಬಿದ್ದ ಏಟು ಬೇರೆಯೇ ಆಗಿತ್ತು. ಉಸಿರು ನಿಂತಿತು. ಬೆಂಡಿಗೆ ಆ ಭಾರ ಇರುವುದಿಲ್ಲ. ಯಾರೋ ತಪ್ಪಿ ಮನೆಯ ಕೋಲು ತಂದಿರಬೇಕು ಎಂದುಕೊಳ್ಳುವಷ್ಟರಲ್ಲಿ ಎರಡನೆಯದು ಬಂತು. ಅಭ್ಯಾಸಬಲದಿಂದ ಎಡಗೈ ಅಡ್ಡ ಹಿಡಿದ. ಮುಂಗೈಯ ಎರಡೂ ಮೂಳೆ ಮುರಿದವು.

ಅವನು ತಲೆ ಎತ್ತಿ ನೋಡಿದ. ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ. ಎದೆಯೆಲುಬು ಕಾಣುವ ಮೈ. ಸುತ್ತಲಿನವರೆಲ್ಲ ನಗುತ್ತಿದ್ದರು, ಇವನ ಮುಖದಲ್ಲಿ ನಗುವಿರಲಿಲ್ಲ. ಕೈಯಲ್ಲಿ ನಿಜವಾದ ಬಿದಿರು.

"ಸುಬಲ್ ದೋಲುಯ್," ಎಂದ ಆ ಮನುಷ್ಯ. ಕೂಗಾಟದ ನಡುವೆ ಗೋಷ್ಠನಿಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ. "ನೆನಪಿದ್ಯಾ?"

ಮೂರನೆಯ ಏಟು ಪಕ್ಕೆಗೆ. ನಾಲ್ಕನೆಯದಕ್ಕೆ ಗೋಷ್ಠನ ಬಲಗೈ ತಾನಾಗಿ ಚಾಚಿ ದೊಣ್ಣೆಯ ತುದಿಯನ್ನು ಹಿಡಿದುಬಿಟ್ಟಿತು. ಹಿಡಿದ ಮೇಲೆ ಏನು ಮಾಡಬೇಕೆಂದು ಆ ಕೈಗೆ ಗೊತ್ತಿತ್ತು. ಒಂದು ತಿರುವು, ದೊಣ್ಣೆ ಇವನದಾಗುತ್ತದೆ. ಇನ್ನೊಂದು ತಿರುವು, ಅದರ ಬುಡ ಎದುರಿನವನ ಗಂಟಲಿಗೆ. ಒಂದು ಉಸಿರಿನ ಕೆಲಸ. ಇಬ್ಬರೂ ಒಂದೇ ಬಿದಿರನ್ನು ಹಿಡಿದು ನಿಂತರು.

ಗೋಷ್ಠ ಕೈ ಬಿಟ್ಟ.

ಯಾಕೆ ಬಿಟ್ಟ ಎಂದು ಮುಂದೆ ಹಲವರು ಕೇಳಿದರು. ಒಬ್ಬರಿಗೊಂದು ಉತ್ತರ ಕೊಟ್ಟ. ಕ್ಯಾಮೆರಾ ಓಡುತ್ತಿತ್ತು ಎನ್ನುವುದೂ ನಿಜವೇ. ಆದರೆ ಆ ಹೆಸರು ಕಿವಿಗೆ ಬಿದ್ದ ಮೇಲೆ ಕೈಯಲ್ಲಿ ಶಕ್ತಿಯೇ ಉಳಿಯಲಿಲ್ಲ ಎಂದು ಅವನು ಶೆಫಾಲಿಗೆ ಮಾತ್ರ ಹೇಳಿದ.

ಆಮೇಲೆ ಬಿದ್ದ ಏಟುಗಳನ್ನು ಅವನು ಎಣಿಸಲಿಲ್ಲ. ಬೆನ್ನು, ತೊಡೆ, ಮತ್ತೆ ಪಕ್ಕೆ. ಒಂದು ದವಡೆಗೆ ಬಿದ್ದು ಹಲ್ಲು ನಾಲಗೆಯ ಮೇಲೆ ಉರುಳಿತು. ನಡುವೆ ಅವನ ಬಾಯಿಂದ, ಮಗಳು ಕಲಿಸಿದ ಮಾತೇ ಹೊರಬಿತ್ತು: "ಅಯ್ಯೋ... ಬಾಬುಗಳಾ... ನಾನು ಡಕಾಯಿತ ಅಲ್ಲ... ಬದನೆಕಾಯಿ ಮಾರೋನು!" ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕ್ಯಾಮೆರಾದವನ ಭುಜ ಕುಲುಕುತ್ತಿತ್ತು. ಲಾಹಿಡಿ ಬಾಬು ಕಣ್ಣೊರೆಸಿಕೊಂಡು, "ಕಟ್! ಅಬ್ಬಾ, ಏನ್ ನಟನೆ ಮಾಡ್ದೆ ಗೋಷ್ಠ!" ಎಂದರು.

ಗೋಷ್ಠ ಮಂಡಿಯೂರಿ ಕೂತು ಹಲ್ಲನ್ನೂ ರಕ್ತವನ್ನೂ ಉಗುಳಿದ. ನಗು ಒಂದೊಂದಾಗಿ ನಿಂತಿತು.

ಜಮಾಲ್ ಸಾಹೇಬರು ಓಡಿಬಂದು ಆ ಮನುಷ್ಯನ ಕೈಯಿಂದ ದೊಣ್ಣೆ ಕಿತ್ತು, ತೂಗಿ ನೋಡಿ, "ನಿಜದ್ದು!" ಎಂದು ಕಿರುಚಿದರು. ಅಷ್ಟೇ ಸಾಕಾಯಿತು. ಕಲ್ಕತ್ತಾದಿಂದ ಬಂದಿದ್ದ ಎಂಟು ಜನ ಫೈಟರುಗಳು ಅವನ ಮೇಲೆರಗಿದರು. ಸಿನಿಮಾದಲ್ಲಿ ಕೂದಲೆಳೆ ಅಂತರದಲ್ಲಿ ಮುಷ್ಟಿ ನಿಲ್ಲಿಸಲು ಕಲಿತ ಕೈಗಳು ಈಗ ನಿಲ್ಲಲಿಲ್ಲ. ಒಬ್ಬ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಗುದ್ದಿದ. ಒಬ್ಬ ಹೊಟ್ಟೆಗೆ ಒದ್ದ. ಹುಬ್ಬು ಸೀಳಿ ಕಣ್ಣು ಮುಚ್ಚಿಹೋಯಿತು, ತುಟಿ ಎರಡಾಯಿತು. ಅವನು ಕೈ ಎತ್ತಲಿಲ್ಲ. ಬಂದ ಕೆಲಸ ಮುಗಿಯಿತು ಎಂಬಂತೆ ನೆಲಕ್ಕೆ ಕುಸಿದ. ಆಮೇಲೂ ಒದೆ ನಿಲ್ಲಲಿಲ್ಲ. ಅವನು ಮಗುಚಿಕೊಂಡು ತೆವಳತೊಡಗಿದ. ಫೈಟರು ಮಾಧು ಆ ಬಿದಿರನ್ನೇ ಎತ್ತಿಕೊಂಡು ಅವನ ಸೊಂಟದ ಮೇಲೆ ಗುರಿ ಹಿಡಿದ.

ಗೋಷ್ಠ ಎದ್ದ. ಮುರಿದ ಎಡಗೈ ಚೀಲದ ಹಾಗೆ ಜೋತಾಡುತ್ತಿತ್ತು. ಬಲಗೈಯಿಂದ ಮಾಧುವಿನ ಕುತ್ತಿಗೆಗೆ ಒಂದು ಕೊಟ್ಟ. ಮಾಧು ಮುಖ ಅಡಿಯಾಗಿ ಬಿದ್ದ. ಇನ್ನೊಬ್ಬನ ಎದೆಗೆ ತಲೆಯಿಂದ ಗುದ್ದಿದ. ಮೂರನೆಯವನನ್ನು ಕೊರಳಪಟ್ಟಿ ಹಿಡಿದು ಗೋಡೆಗೆ ಎಸೆದ. ತನ್ನದೇ ಜೊತೆಗಾರರು, ಒಟ್ಟಿಗೆ ಉಂಡವರು. "ಯಾವನಾದ್ರೂ ಮುಟ್ಟಿದ್ರೆ ಕೊಂದ್ಹಾಕ್ತೀನಿ!" ಎಂದು ಬಿದ್ದವನ ಮೇಲೆ ಕಾಲು ಅಗಲಿಸಿ ನಿಂತ.

"ನಿಂಗೇನ್ ಹುಚ್ಚಾ ಗೋಷ್ಠ? ಅವನು ನಿನ್ನ ಕೊಲ್ತಿದ್ನಲ್ಲೋ!" ಎಂದರು ಜಮಾಲ್ ಸಾಹೇಬರು.

"ನಾನೇ ಹೇಳಿದ್ದು. ಸೀನು ಚೆನ್ನಾಗಿ ಬರ್ಲಿ, ನಿಜವಾದ ದೊಣ್ಣೆ ತಗೊಂಡ್ ಬಾ ಅಂತ ನಾನೇ ಹೇಳಿದ್ದೆ."

ಸಾಹೇಬರು ಹತ್ತಿರ ಬಂದರು. "ಹದಿನಾರು ವರ್ಷ ನನ್ನ ಹತ್ರ ಇದ್ದೀಯ, ಸುಳ್ಳು ಹೇಳೋದು ಮಾತ್ರ ಕಲೀಲಿಲ್ಲ," ಎಂದು ಹೇಳಿ, ತಮ್ಮ ಪೇಟದ ಬಟ್ಟೆ ಬಿಚ್ಚಿ ಅವನ ಕೈಗೆ ಜೋಳಿಗೆ ಕಟ್ಟಿದರು. ಪೊಲೀಸರನ್ನು ಕರೆಯುವ ಮಾತು ಬಂದಾಗ ಗೋಷ್ಠ ಅದೇ ಸುಳ್ಳನ್ನು ಲಾಹಿಡಿ ಬಾಬುಗೂ ಹೇಳಿದ.

ಪಟ್ಟಣದ ಆಸ್ಪತ್ರೆಯಲ್ಲಿ ಮೂರು ಪಕ್ಕೆಲುಬು ಮುರಿದಿವೆ ಎಂದರು. ನಾಲ್ಕನೆಯ ದಿನ ಮಧ್ಯಾಹ್ನ ಆ ಮನುಷ್ಯ ಬಂದ. ಒಂದು ಕಣ್ಣು ಇನ್ನೂ ತೆರೆದಿರಲಿಲ್ಲ. ಮಂಚದ ಪಕ್ಕ ಕೂರದೆ ನಿಂತೇ ಇದ್ದ.

"ಪರಾಣ್ ದೋಲುಯ್," ಎಂದ. "ಸುಬಲ್ ನನ್ನ ಅಣ್ಣ. ಅವತ್ತು ಗೇಟಿನ ಹತ್ರ ಕೂಗಿದ್ದು ನಾನೇ. ಯಾಕೆ ಬಿಡಿಸ್ದೆ ನನ್ನ?"

"ಅಷ್ಟೊಂದು ಜನ ಸೇರಿ ಒಬ್ಬನ್ನ ಹೊಡೀತಿದ್ರು."

"ನೀವೂ ಅವತ್ತು ಇಪ್ಪತ್ತು ಜನ ಇದ್ರಿ."

ಗೋಷ್ಠ ಕೇಳಿದ, "ನನ್ನ ಗುರುತು ಹೇಗೆ ಸಿಕ್ತು?"

"ಅಣ್ಣ ಮುರಿದ ಮೂಗು ಅದು, ನಂಗೆ ಗೊತ್ತಾಗಲ್ವಾ? ಮೂರು ದಿನದಿಂದ ನೋಡ್ತಿದ್ದೆ. ನಿಮ್ಮ ಬಾಬು ಹೌಡಾ ಅಂದಾಗ ಪೂರಾ ಖಾತ್ರಿ ಆಯ್ತು."

"ಸುಬಲ್ ಈಗ..."

"ಹೇಳ್ತೀನಿ, ಕೇಳು. ಸೊಂಟದಿಂದ ಕೆಳಗೆ ಸತ್ತೇಹೋಯ್ತು. ಎತ್ತಿನ ಗಾಡೀಲಿ ಹಾಕ್ಕೊಂಡು ಊರಿಗೆ ತಂದ್ವಿ. ಮೂರು ವರ್ಷ ಮಲಗಿದ್ದ. ಮಲಗಿದಲ್ಲೇ ಮೀನಿನ ಬಲೆ ಹೆಣೀತಿದ್ದ. ಬೆನ್ನು ಕೊಳೀತು. ಇರುವೆ ಬರ್ತಿದ್ವು, ಅವನಿಗೆ ಗೊತ್ತೇ ಆಗ್ತಿರ್ಲಿಲ್ಲ; ಅತ್ತಿಗೆ ಕೂತು ಒಂದೊಂದಾಗಿ ಆರಿಸ್ತಿದ್ಲು. ಚೈತ್ರದಲ್ಲಿ ಹೋದ."

ಗೋಷ್ಠನ ತುಟಿ ಅಲುಗಿತು.

"ಕ್ಷಮಿಸು ಅಂತ ಏನಾದ್ರೂ ಅಂದ್ಯೋ, ಇನ್ನೊಂದು ಕೈನೂ ಮುರೀತೀನಿ," ಎಂದ ಪರಾಣ್. ಬಾಗಿಲ ತನಕ ಹೋಗಿ ತಿರುಗಿ ನಿಂತು, "ಕೊಲ್ಬೇಕು ಅಂತಾನೇ ಬಂದಿದ್ದೆ. ನೀನು ದೊಣ್ಣೆ ಬಿಟ್ಬಿಟ್ಟೆ. ಸೂಳೆಮಗನೆ, ಯಾಕೆ ಬಿಟ್ಟೆ?" ಎಂದವನೇ ಅಳುತ್ತ ಹೊರಟುಹೋದ.

ಶೆಫಾಲಿ ಬಂದಾಗ ಗೋಷ್ಠ ಎಲ್ಲವನ್ನೂ ಹೇಳಿದ, ಆ ದಿನದ ಮಾಂಸದೂಟವನ್ನೂ ಬಿಡದೆ. ಅವಳು ಅವನ ತಲೆದಿಂಬನ್ನು ಸರಿಮಾಡುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ತಿಂಗಳು ಅವನಿಗೆ ಅನ್ನ ಬಡಿಸಿದಳು, ಮದ್ದು ಹಚ್ಚಿದಳು, ಮಾತು ಮಾತ್ರ ಆಡಲಿಲ್ಲ.

ಉಳಿದ ದೃಶ್ಯಗಳನ್ನು ಮುರಿದ ಕೈಯ ಮೇಲೆ ಕಂಬಳಿ ಹೊದಿಸಿ ಮುಗಿಸಿದರು. ಬೇಸಿಗೆ ರಜೆಗೆ ಸಿನಿಮಾ ಬಿಡುಗಡೆಯಾಯಿತು. ಅದಕ್ಕೂ ಮುಂಚೆ ಧ್ವನಿ ಸೇರಿಸುವ ಕೋಣೆಯಲ್ಲಿ ಗೋಷ್ಠ ಎಷ್ಟು ಸಲ ಅರಚಿದರೂ ಅಂಗಳದ ಆ ಕೂಗು ಬರಲಿಲ್ಲ. ಕೊನೆಗೆ ಚಿತ್ರೀಕರಣದ ವೇಳೆ ಹಿಡಿದಿದ್ದ ದನಿಯನ್ನೇ ಇಟ್ಟುಕೊಂಡರು. ಭವಾನಿಪುರದ ಥಿಯೇಟರಿನಲ್ಲಿ ಅವನು ಹೆಂಡತಿ ಮಗಳ ನಡುವೆ ಕೂತು ನೋಡಿದ. ಪರದೆಯ ಮೇಲೆ ಪರಾಣನ ಬೆನ್ನು ಕಂಡಿತು, ಮುಖ ಕಾಣಲಿಲ್ಲ. ದೊಣ್ಣೆ ಮೇಲೆದ್ದು ಇಳಿಯಿತು. ತನ್ನ ಮೂಳೆ ಮುರಿಯುವ ಸದ್ದನ್ನು ಗೋಷ್ಠ ಕೇಳಿದ. ಆರುನೂರು ಮಕ್ಕಳು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತ, "ಇನ್ನೂ ಹೊಡಿ! ಇನ್ನೂ ಹೊಡಿ!" ಎಂದು ಚಪ್ಪಾಳೆ ತಟ್ಟಿದರು. ಝುಮ್ಕಿ ನಗಲಿಲ್ಲ. ಅಪ್ಪನ ಅಂಗಿಯೊಳಗೆ ಮುಖ ಹುದುಗಿಸಿ, "ಅಮ್ಮಾ, ಮನೆಗೆ ಹೋಗೋಣ," ಎಂದಳು.

ಕಾತ್ಲಾ ಸರ್ದಾರನ ಹೆಸರು ಮನೆಮಾತಾಯಿತು. ಅಂಥದೇ ಏಳೆಂಟು ಪಾತ್ರಗಳು ಹುಡುಕಿಕೊಂಡು ಬಂದವು. ಗೋಷ್ಠನ ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು, ನಟಿಸಲು ಅದೇನೂ ಅಡ್ಡಿಯಾಗುತ್ತಿರಲಿಲ್ಲ. ಅವನು ಒಂದನ್ನೂ ಒಪ್ಪಲಿಲ್ಲ. ಚೇತ್ಲಾದ ಮರದ ಗೋದಾಮೊಂದರಲ್ಲಿ ಕಾವಲಿನ ಕೆಲಸಕ್ಕೆ ಸೇರಿದ.

ಮುಂದಿನ ಪೌಷದಲ್ಲಿ ಅವನು ಒಬ್ಬನೇ ಆ ಊರಿಗೆ ಹೋದ. ಸುಬಲನ ಹೆಂಡತಿ ಬಿಂದುಬಾಲಾ ಅಂಗಳದಲ್ಲಿ ಈಳಿಗೆಯ ಮುಂದೆ ಕೂತು ಸಣ್ಣ ಮೀನು ಸೋಸುತ್ತಿದ್ದಳು. ಇವನು ಹೆಸರು ಹೇಳಿದ. ಅವಳು ಈಳಿಗೆಯನ್ನು ಮಣೆಸಮೇತ ಎತ್ತಿ ಎಸೆದಳು. ಅಲಗು ಅವನ ಕಾಲಿನ ಮೀನಖಂಡಕ್ಕೆ ಕಚ್ಚಿ ಮೂಳೆಯ ತನಕ ಇಳಿಯಿತು. ಅವನು ಈಳಿಗೆಯನ್ನು ಬಿಡಿಸಿ, ಕೊಳದಲ್ಲಿ ತೊಳೆದು, ಅವಳ ಅಂಗಳದಲ್ಲಿಟ್ಟು, ಕುಂಟುತ್ತ ಬಸ್ಸಿಗೆ ನಡೆದ. ಎರಡನೆಯ ವರ್ಷ ಅವಳು ಬಾಗಿಲು ಹಾಕಿಕೊಂಡಳು. ಅವನು ಬೀಳುತ್ತಿದ್ದ ಬೇಲಿಗೆ ಬಿದಿರು ನೆಟ್ಟು ಕಟ್ಟಿ ಬಂದ. ಅದನ್ನು ಪರಾಣ್ ಮಾರನೆಯ ದಿನವೇ ಕಿತ್ತೆಸೆದನೆಂದು ಆಮೇಲೆ ತಿಳಿಯಿತು.

ಮೂರನೆಯ ವರ್ಷ ಹೋದಾಗ ಬಿರುಗಾಳಿಗೆ ಮನೆಯ ಹುಲ್ಲಿನ ಚಾವಣಿ ಅರ್ಧ ಹಾರಿಹೋಗಿತ್ತು. ಬಿಂದುಬಾಲಾ ಹೊಸ್ತಿಲ ಮೇಲೆ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ ಪೀಡೆ? ಮೇಲೆ ಹತ್ತೋಕೆ ಬರುತ್ತಾ?"

"ಬರುತ್ತೆ, ಬೌಠಾನ್."

"ನನ್ನ ಬೌಠಾನ್, ಅತ್ತಿಗೆ ಅಂತೆಲ್ಲ ಅನ್ಬೇಡ, ನಾಲಗೆ ಕತ್ತರಿಸ್ತೀನಿ. ಹತ್ತು. ಕೆಲಸ ಮುಗಿಸಿ ಹೋಗು."

ಅವನು ಹತ್ತಿದ. ಒಂದೂವರೆ ಕೈಯಲ್ಲಿ ಹುಲ್ಲು ಹೊದಿಸುವುದು ಸುಲಭವಿರಲಿಲ್ಲ. ಎರಡು ತಾಸಾದ ಮೇಲೆ ಕೆಳಗಿನಿಂದ ಹುಲ್ಲಿನ ಕಂತೆಗಳು ತಾವಾಗಿ ಮೇಲೆ ಬರತೊಡಗಿದವು. ಪರಾಣ್ ನಿಂತು ಎಸೆಯುತ್ತಿದ್ದ. ಬಿಸಿಲು ನೆತ್ತಿಗೆ ಬಂತು. ಬಿಂದುಬಾಲಾ ಮಂಡಕ್ಕಿ, ಹಸಿಮೆಣಸಿನಕಾಯಿ ಇದ್ದ ಎರಡು ಬಟ್ಟಲುಗಳನ್ನು ಜಗುಲಿಯ ಮೇಲೆ ಕುಕ್ಕಿ ಒಳಗೆ ಹೋದಳು. ಕೆಳಗಿಳಿಯಲೆಂದು ಗೋಷ್ಠ ಬಲಕ್ಕೆ ಕಾಲು ಚಾಚಿದ.

"ಆ ಕಡೆ ಬೇಡ," ಎಂದ ಪರಾಣ್, ಮುಖ ಎತ್ತದೆ. "ಅಲ್ಲಿ ಜಂತೆ ಗೆದ್ದಲು ಹಿಡಿದಿದೆ. ಎಡಗಡೆಯಿಂದ ಇಳಿ."